ತೊಡೆಯಿಂದ ಕೌದಿಗೆ: ನನ್ನ ಮಗನಿಗೆ ಬೋರಲು ಮಲಗುವುದನ್ನು ರೂಢಿ ಮಾಡಿಸಿದ ಬಗೆ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಮಗುವನ್ನು ಕರೆತಂದ ಎರಡನೆಯ ವಾರದಲ್ಲಿ ಮಕ್ಕಳ ವೈದ್ಯರು, ಎಚ್ಚರವಿರುವಾಗ ದಿನಕ್ಕೆ ಎರಡು ಮೂರು ಸಲ ಅವನನ್ನು ಬೋರಲು ಮಲಗಿಸಬೇಕೆಂದು ಹೇಳಿ ಕಳುಹಿಸಿದರು. ಅವರು ಬಳಸಿದ ಮಾತು ‘ಟಮ್ಮಿ ಟೈಮ್’. ನಾನು ಅಂದೇ ಸಂಜೆ ಹಾಲು ಕುಡಿಸಿದ ಕೂಡಲೇ ಅವನನ್ನು ಮಂಚದ ಮೇಲೆ ಕವುಚಿ ಮಲಗಿಸಿದೆ. ಅರ್ಧ ನಿಮಿಷ ಕಳೆಯುವುದರೊಳಗೆ ಮೂಗು ಮೆತ್ತನೆಯ ಹಾಸಿಗೆಗೆ ಒತ್ತಿಕೊಂಡಿತು, ಕುಡಿದ ಹಾಲು ಹೊರಬಂತು, ಅಳು ಪಕ್ಕದ ಮನೆಯವರು ಬಾಗಿಲು ತೆರೆದು ನೋಡುವಷ್ಟಾಯಿತು. ಹೊಟ್ಟೆ ತುಂಬಿದ ಮೇಲೆ ಅರ್ಧ ಗಂಟೆಯಾದರೂ ಬಿಡಬೇಕು ಮತ್ತು ಮಲಗಿಸುವ ಜಾಗ ಗಟ್ಟಿಯಾಗಿ, ಸಮತಟ್ಟಾಗಿರಬೇಕು ಎಂಬ ಎರಡು ಪಾಠಗಳನ್ನು ಆ ಒಂದೇ ಪ್ರಯತ್ನದಲ್ಲಿ ಕಲಿತೆ.

ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ನನ್ನ ಅವ್ವನಿಗೆ ಇದೆಲ್ಲ ವಿಚಿತ್ರವಾಗಿ ಕಂಡಿತು. “ನಿಮ್ಮನ್ನೆಲ್ಲಾ ರಾತ್ರಿ ಡಬ್ಬ ಮಲಗಿಸೇ ಬೆಳೆಸೀನಿ, ಅದಕ್ಯಾಕ ಬ್ಯಾರೆ ಟೈಮು?” ಎಂಬುದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಬೋರಲು ಮಲಗಿ ನಿದ್ರಿಸುವ ಶಿಶುಗಳು ಕಾರಣ ತಿಳಿಯದೆ ನಿದ್ರೆಯಲ್ಲಿಯೇ ಸಾಯುವ ಅಪಾಯ ಹೆಚ್ಚೆಂದು ಕಂಡುಬಂದ ಮೇಲೆ, 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಿಶುಗಳನ್ನು ಬೋರಲಾಗಿ ನಿದ್ರೆಗೆ ಹಾಕಬಾರದೆಂದು ಹೇಳಿತು; 1994ರಿಂದ ಅಂಗಾತ ಮಲಗಿಸುವ ಪ್ರಚಾರವೇ ನಡೆದು, ಅಂತಹ ಸಾವುಗಳು ಬಹಳ ಇಳಿದವು. ಆದರೆ ಹಗಲೂ ರಾತ್ರಿಯೂ ಅಂಗಾತವೇ ಇರುವ ಮಗುವಿನ ತಲೆಯ ಹಿಂಭಾಗ ಚಪ್ಪಟೆಯಾಗಬಹುದು, ಕತ್ತು, ಭುಜ, ಬೆನ್ನಿನ ಸ್ನಾಯುಗಳಿಗೆ ದುಡಿಮೆ ಕಡಿಮೆಯಾಗುತ್ತದೆ. ನಿದ್ರೆಯಲ್ಲಿ ತಪ್ಪಿಹೋದದ್ದನ್ನು ಎಚ್ಚರದಲ್ಲಿ, ಕಣ್ಣೆದುರಿನಲ್ಲಿ ತುಂಬಿಕೊಡುವುದಷ್ಟೇ ಇದರ ಉದ್ದೇಶ. ಇನ್ನೂ ತೆವಳದ ಶಿಶುಗಳಿಗೆ ದಿನದಲ್ಲಿ ಅಲ್ಲಲ್ಲಿ ಹಂಚಿ ಒಟ್ಟು 30 ನಿಮಿಷವಾದರೂ ಇದು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗುವಿನ ತಲೆ ದುಂಡಗಾಗಲೆಂದು ಅವ್ವ ಊರಿನಿಂದ ಹೊಲಿದು ತಂದಿದ್ದ ಸಾಸಿವೆ ದಿಂಬನ್ನೂ ವೈದ್ಯರು ಬೇಡವೆಂದದ್ದು ಅವಳಿಗೆ ಇನ್ನಷ್ಟು ಬೇಸರ ತಂದಿತು. ಅದು ಇಂದಿಗೂ ಅಟ್ಟದ ಮೇಲೆಯೇ ಇದೆ.

ಮುಂದಿನ ಹತ್ತು ದಿನ ನಾನು ನೆಲಕ್ಕೆ ಚಾಪೆ ಹಾಸಿ ಹಾಸಿ ಸೋತೆ. ಎತ್ತಿ ಮಲಗಿಸುತ್ತಿದ್ದಂತೆ ಅಳು. ಹೀಗಿರುವಾಗ ಒಂದು ಬೆಳಿಗ್ಗೆ ಅವ್ವ ಎಣ್ಣೆ ಹಚ್ಚುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಕಾಲು ಚಾಚಿ ಕುಳಿತು, ಅವನನ್ನು ಎರಡೂ ಕಾಲುಗಳ ಮೇಲೆ ಬೋರಲು ಹಾಕಿಕೊಂಡು ಬೆನ್ನು ನೀವುತ್ತಿದ್ದಳು. ಚಾಪೆಯ ಮೇಲೆ ಒಂದು ನಿಮಿಷವೂ ನಿಲ್ಲದ ಹುಡುಗ ಅಲ್ಲಿ ನಾಲ್ಕೈದು ನಿಮಿಷ ಸುಮ್ಮನಿದ್ದು, ನಡುವೆ ಎರಡು ಸಲ ತಲೆಯನ್ನೂ ಎತ್ತಿದ. ನಾನು ಬೆರಗಾಗಿ ಕೇಳಿದಾಗ ಅವಳು ನಕ್ಕಳು: “ಅದಕ್ಕ ಈಗ ನೆಲ ಬ್ಯಾಡ, ತೊಡಿ ಬೇಕಾಗೈತಿ.” ನಮ್ಮ ಮನೆಗಳಲ್ಲಿ ಎಣ್ಣೆ ನೀರಿನ ಹೆಸರಿನಲ್ಲಿ ಮೊದಲಿನಿಂದಲೂ ನಡೆಯುತ್ತಿದ್ದುದನ್ನು ನಾನು ಹೊಸ ಹೆಸರಿನಲ್ಲಿ ಹುಡುಕುತ್ತಿದ್ದೆ. ಮುಂಬೈಯಲ್ಲಿ ಎಣ್ಣೆ ಹಚ್ಚಲು ಮನೆ ಮನೆಗೆ ಬರುವ ಹೆಂಗಸರು, ಅಂದರೆ ಮಾಲೀಶಿನ ಬಾಯಿಯರೂ ಮಗುವನ್ನು ಹೀಗೆಯೇ ಕಾಲ ಮೇಲೆ ಹಾಕಿಕೊಳ್ಳುತ್ತಾರೆ.

ತೊಡೆಯ ಮೇಲೆ ಸುಲಭವಾದದ್ದು ನೆಲದ ಮೇಲೆ ಏಕೆ ಕಷ್ಟವಾಗುತ್ತದೆ ಎಂದು ಯೋಚಿಸಿದಾಗಲೇ ದಾರಿ ಸಿಕ್ಕಿತು. ನವಜಾತ ಶಿಶುವಿನ ತಲೆಯೊಂದೇ ದೇಹದ ಉದ್ದದ ಸುಮಾರು ಕಾಲು ಭಾಗವಿರುತ್ತದೆ. ಸಮತಟ್ಟಾದ ನೆಲದ ಮೇಲೆ ಆ ಭಾರವನ್ನು ಎತ್ತುವುದು ದೊಡ್ಡ ಕೆಲಸ. ತೊಡೆಯ ಮೇಲೆ ಎದೆ ಸ್ವಲ್ಪ ಎತ್ತರದಲ್ಲಿದ್ದು ಕೈಗಳು ಮುಂದಕ್ಕೆ ಇಳಿಬೀಳುತ್ತವೆ, ಮೈಯ ಬಿಸಿಯೂ ತಗಲುತ್ತಿರುತ್ತದೆ. ಆದ್ದರಿಂದ ನಾನು ಚಾಪೆಯನ್ನು ಸುತ್ತಿಟ್ಟು, ದಿಂಬುಗಳಿಗೆ ಒರಗಿ ಕುಳಿತು ಅವನನ್ನು ನನ್ನ ಎದೆಯ ಮೇಲೆ ಕವುಚಿ ಮಲಗಿಸಿಕೊಳ್ಳತೊಡಗಿದೆ. ನಾನು ಎಷ್ಟು ನೆಟ್ಟಗೆ ಕುಳಿತಿರುತ್ತೇನೋ ಅವನಿಗೆ ಅಷ್ಟು ಸುಲಭ, ಎಷ್ಟು ಮಲಗುತ್ತೇನೋ ಅಷ್ಟು ಕಷ್ಟ. ಎರಡು ಮೂರು ದಿನಕ್ಕೊಮ್ಮೆ ಒಂದು ದಿಂಬನ್ನು ತೆಗೆಯುತ್ತಾ ಬಂದೆ. ಆ ವಯಸ್ಸಿನ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದಷ್ಟೇ ಚೆನ್ನಾಗಿ ಕಾಣುವುದರಿಂದ, ತಲೆಯೆತ್ತಿದರೆ ಕಾಣುವ ನನ್ನ ಮುಖಕ್ಕಿಂತ ಒಳ್ಳೆಯ ಆಟಿಕೆ ಬೇಕಾಗಲಿಲ್ಲ.

ಆರನೆಯ ವಾರದಲ್ಲಿ ಮತ್ತೆ ನೆಲಕ್ಕೆ ಬಂದೆವು. ಅಂಗಡಿಯಿಂದ ತಂದ ಫೋಮಿನ ಮ್ಯಾಟು ಮೇ ತಿಂಗಳ ಸೆಕೆಯಲ್ಲಿ ಬೆವರಿಗೆ ಮೈಗಂಟುತ್ತಿತ್ತು. ಅವ್ವನ ಹತ್ತಿಯ ಕೌದಿಯನ್ನು ಎರಡು ಮಡಿಕೆ ಮಾಡಿ ಸುಕ್ಕಿಲ್ಲದಂತೆ ಬಿಗಿಯಾಗಿ ಹಾಸಿದ್ದೇ ಅದಕ್ಕಿಂತ ಮೇಲಾಯಿತು. ಒಂದು ತೆಳು ಟವೆಲನ್ನು ಸುರುಳಿ ಸುತ್ತಿ ಅವನ ಎದೆಯ ಕೆಳಗೆ, ಕಂಕುಳಿನ ನೇರಕ್ಕೆ ಇಟ್ಟು, ಕೈಗಳನ್ನು ಸುರುಳಿಯ ಮುಂದಕ್ಕೆ ತರುತ್ತಿದ್ದೆ. ಮೊಣಕೈಗಳು ಹಿಂದಕ್ಕೆ ಜಾರಿದರೆ ಮಗು ಒತ್ತಿ ಮೇಲೇಳಲಾರದು. ಅವು ಭುಜದ ಕೆಳಗೋ ತುಸು ಮುಂದಕ್ಕೋ ಇರುವಂತೆ ಪ್ರತಿ ಸಲವೂ ಸರಿಪಡಿಸಬೇಕು. ಒಂದು ಅಂಗೈಯನ್ನು ಅವನ ಕುಂಡೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿದರೆ ಭಾರ ಹಿಂದಕ್ಕೆ ಸರಿದು ತಲೆ ಎತ್ತುವುದು ಹಗುರವಾಗುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಉಪಾಯ ಇದೇ.

ಹೊತ್ತಿನ ವಿಷಯದಲ್ಲಿ ನಾನು ಹಟ ಮಾಡಲಿಲ್ಲ. ಒಂದೊಂದೇ ನಿಮಿಷ, ಆದರೆ ಪ್ರತಿ ಸಲ ಬಟ್ಟೆ ಬದಲಿಸಿದ ಮೇಲೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿಯೇ ನಿಮಿಷಗಳನ್ನೂ ಬರೆದಿಡುತ್ತಿದ್ದೆ. ಎರಡು ಲೆಕ್ಕಗಳೂ ಬೆರೆತು ಒಮ್ಮೆ ಹಾಲಿನವನಿಗೆ ಹೆಚ್ಚು ಹಣ ಕೊಟ್ಟದ್ದೂ ಉಂಟು. ಮುಲುಗುವುದಕ್ಕೂ ಅಳುವುದಕ್ಕೂ ಇರುವ ವ್ಯತ್ಯಾಸ ಕ್ರಮೇಣ ತಿಳಿಯಿತು. ಮುಲುಗು ದುಡಿಮೆಯ ಸದ್ದು, ಅದಕ್ಕೆ ತುಸು ಕಾಯಬೇಕು. ಅಳು ಬಂದರೆ ಅಲ್ಲಿಗೆ ಮುಗಿಸಿ ಎತ್ತಿಕೊಳ್ಳಬೇಕು. ಅವನು ಸದಾ ಬಲಕ್ಕೇ ಮುಖ ತಿರುಗಿಸುತ್ತಿದ್ದುದನ್ನು ವೈದ್ಯರಿಗೆ ತೋರಿಸಿದೆ. ಕತ್ತಿನ ಬಿಗಿತವಿಲ್ಲವೆಂದು ಅವರು ಪರೀಕ್ಷಿಸಿ ಹೇಳಿದ ಮೇಲೆ ನಾನು ಎಡಕ್ಕೆ ಕೂರತೊಡಗಿದೆ. ಕೌದಿಯ ಮೇಲೆಯೇ ತೂಕಡಿಸಿದರೆ ತಕ್ಷಣ ಅಂಗಾತ ತಿರುಗಿಸುತ್ತಿದ್ದೆವು, ಒಲೆಯ ಮೇಲೆ ಹಾಲು ಉಕ್ಕಿದರೂ ಅವನೊಬ್ಬನನ್ನೇ ಬಿಟ್ಟು ಏಳುತ್ತಿರಲಿಲ್ಲ.

ಮೂರು ತಿಂಗಳು ತುಂಬುವ ಹೊತ್ತಿಗೆ ಟವೆಲು ಬೇಡವಾಯಿತು, ನಾಲ್ಕನೆಯ ತಿಂಗಳಿನಲ್ಲಿ ಮೊಣಕೈಗಳ ಮೇಲೆ ಎದೆಯೆತ್ತಿ ಸುತ್ತಲೂ ನೋಡತೊಡಗಿದ. ಐದನೆಯ ತಿಂಗಳಿನ ಒಂದು ಮಧ್ಯಾಹ್ನ ತಾನೇ ಬೋರಲು ಬಿದ್ದಾಗ, ಅಷ್ಟರಲ್ಲಿ ಊರಿಗೆ ಮರಳಿದ್ದ ಅವ್ವನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆವು. ಅವಳ ಅಪ್ಪಣೆಯಂತೆ ಕಡುಬನ್ನೂ ಮಾಡಿದೆ. ಅಂದಿನಿಂದ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದನ್ನು ಪೂರ್ತಿ ನಿಲ್ಲಿಸಿದೆವು, ಏಕೆಂದರೆ ಸುತ್ತಿದ ಮಗು ಮಗುಚಿದರೆ ಕೈ ಬಿಡಿಸಿಕೊಳ್ಳಲಾಗುವುದಿಲ್ಲ. ರಾತ್ರಿ ಈಗಲೂ ಅಂಗಾತವೇ ಮಲಗಿಸುತ್ತೇವೆ. ಎರಡೂ ಕಡೆಗೆ ತಾನಾಗಿ ಹೊರಳಲು ಬಂದ ಮೇಲೆ ನಿದ್ರೆಯಲ್ಲಿ ಬೋರಲಾದರೆ ಹಾಗೆಯೇ ಬಿಡಬಹುದೆಂದು ವೈದ್ಯರು ಹೇಳಿದ್ದಾರೆ. ಬಟ್ಟೆ ಬದಲಿಸಲು ಮಾತ್ರ ಅವನನ್ನು ಅಂಗಾತ ಹಿಡಿದಿಡಲು ಇಬ್ಬರು ಬೇಕಾಗುತ್ತಿದ್ದಾರೆ.