ದೂರದ ಮಕ್ಕಳಿಗೆ ಮನೆಯ ಸುದ್ದಿ ಬರೆಯುವ ಬಗೆ

ನಮ್ಮ ಕರಾವಳಿಯ ಕ್ರೈಸ್ತ ಕೃಷಿಕರ ಮನೆಗಳಲ್ಲಿ ಮಕ್ಕಳು ದುಬೈ, ಕುವೈತ್, ಮಸ್ಕತ್, ಟೊರಾಂಟೊ ಎಂದು ಚದುರಿದ ಮೇಲೆ ಮನೆಯ ಸುದ್ದಿಯನ್ನು ಅವರಿಗೆ ಮುಟ್ಟಿಸುವ ಹೊಣೆ ಹೆಚ್ಚಾಗಿ ತಾಯಿಯ ಪಾಲಿಗೇ ಬರುತ್ತದೆ. ಇದೂ ಒಂದು ಮನೆಗೆಲಸವೇ ಆದುದರಿಂದ ಇದಕ್ಕೂ ಹೊತ್ತು ಗೊತ್ತುಗಳಿರಬೇಕು. ದಿನಕ್ಕೆರಡು ಸಲ ವಿಡಿಯೋ ಕರೆ ಮಾಡುವ ಮನೆಗಳಲ್ಲಿಯೂ ಮಾತು ‘ಊಟ ಆಯಿತೇ, ಮಳೆ ಬಂತೇ’ ಎಂಬಲ್ಲಿಗೆ ಮುಗಿದುಹೋಗಿ, ವರ್ಷದ ನಂತರ ಊರಿಗೆ ಬಂದ ಮಗನಿಗೆ ಹಟ್ಟಿಯಲ್ಲಿರುವ ಹಸು ಯಾವುದೆಂದಾಗಲಿ, ಚರ್ಚಿನ ವಾರ್ಡಿನಲ್ಲಿ, ಎಂದರೆ ನೆರೆಯ ಕ್ರೈಸ್ತ ಮನೆಗಳ ಗುಂಪಿನಲ್ಲಿ, ತೀರಿಕೊಂಡವರು ಯಾರೆಂದಾಗಲಿ ತಿಳಿಯದಿರುವುದನ್ನು ನಾನು ಬಹಳ ಕಂಡಿದ್ದೇನೆ. ಕರೆಗಳು ಇರಲಿ, ಅವುಗಳ ಜೊತೆಗೆ ತಿಂಗಳಿಗೊಮ್ಮೆ ಕುಳಿತು ಬರೆದ ಒಂದು ಪತ್ರವೂ ಇರಲಿ ಎಂಬುದು ನನ್ನ ಸಲಹೆ. ಅದನ್ನು ಕಾಗದದಲ್ಲಿ ಕಳುಹಿಸುತ್ತೀರೋ, ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೀರೋ ಎಂಬುದು ನಿಮ್ಮ ಅನುಕೂಲಕ್ಕೆ ಬಿಟ್ಟದ್ದು.

ಬರೆಯಲು ಕುಳಿತಾಗ ಏನೂ ನೆನಪಾಗುವುದಿಲ್ಲ ಎನ್ನುವವರು ಅಡುಗೆಮನೆಯ ಬಾಗಿಲ ಬಳಿ ಒಂದು ನೋಟುಪುಸ್ತಕವನ್ನೂ ಪೆನ್ನನ್ನೂ ದಾರಕಟ್ಟಿ ತೂಗುಹಾಕಿ, ನಡೆದ ಸಂಗತಿಯನ್ನು ನಡೆದ ದಿನವೇ ಒಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಈ ಪುಸ್ತಕದಿಂದ ಪತ್ರಕ್ಕೆ ಆಗುವ ಉಪಕಾರಕ್ಕಿಂತ ಹಟ್ಟಿಗೆ ಆಗುವ ಉಪಕಾರವೇ ದೊಡ್ಡದು. ಹಸು ಬೆದೆಗೆ ಬಂದ ದಿನವನ್ನು ಬರೆದಿಟ್ಟರೆ, ಗಬ್ಬ ನಿಲ್ಲದಿದ್ದಲ್ಲಿ ಸುಮಾರು 21 ದಿನಗಳ ನಂತರ ಮತ್ತೆ ಗಮನಿಸಬೇಕೆಂದು ತಿಳಿಯುತ್ತದೆ. ಫೆಬ್ರವರಿ 10ರಂದು ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿ ಗಬ್ಬ ನಿಂತಿದ್ದರೆ, ಸುಮಾರು 280 ದಿನಗಳ ಲೆಕ್ಕದಲ್ಲಿ ನವೆಂಬರ್ 17ರ ಹೊತ್ತಿಗೆ ಕರು ಹಾಕುತ್ತದೆ. ಅದಕ್ಕೆ ಎರಡು ತಿಂಗಳು ಮೊದಲು, ಎಂದರೆ ಸೆಪ್ಟೆಂಬರ್ ನಡುವಿನಲ್ಲಿ, ಹಾಲು ಬತ್ತಿಸಬೇಕು. ಕಾಲುಬಾಯಿ ರೋಗದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕಾದುದರಿಂದ ಆ ದಿನಾಂಕವೂ ಅಲ್ಲಿರಲಿ. ಅಡಿಕೆಗೆ ಮೈಲುತುತ್ತು ಬಿಟ್ಟ ದಿನವನ್ನು ಬರೆದಿಡುವುದು ಇನ್ನೂ ಅಗತ್ಯ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ ಸಿಂಪಡಿಸಿ, 40–45 ದಿನಗಳಲ್ಲಿ ಎರಡನೆಯ ಬಾರಿ ಸಿಂಪಡಿಸದಿದ್ದರೆ ಕೊಳೆರೋಗ ತೋಟವನ್ನು ಬಿಡುವುದಿಲ್ಲ. ಮೊದಲನೆಯ ದಿನ ಮರೆತರೆ ಎರಡನೆಯದೂ ತಪ್ಪುತ್ತದೆ. ತಿಂಗಳ ಕೊನೆಗೆ ಪುಸ್ತಕವನ್ನು ತೆರೆದರೆ ಪತ್ರದ ಅರ್ಧ ಭಾಗ ಅಲ್ಲೇ ಸಿದ್ಧವಾಗಿರುತ್ತದೆ. ‘ಹಸುಗಳು ಚೆನ್ನಾಗಿವೆ’ ಎಂದು ಬರೆಯುವ ಬದಲು ಬೊಳ್ಳಿ ಹೆಣ್ಣು ಕರು ಹಾಕಿದಳು, ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿದೆವು, ಕರುವಿನ ಹಣೆಯಲ್ಲಿ ಬಿಳಿ ಚುಕ್ಕೆಯಿದೆ ಎಂದು ಬರೆಯಿರಿ. ಆ ಹಟ್ಟಿಯಲ್ಲಿ ಹುಲ್ಲು ಹಾಕಿ ಬೆಳೆದ ಮಗಳು ಮರುಭೂಮಿಯ ಊರಿನಲ್ಲಿ ಕುಳಿತು ಓದುವಾಗ ಬೇಕೆನಿಸುವುದು ಇಂಥ ವಿವರಗಳೇ.

ಆದರೂ ಮಕ್ಕಳ ಕಣ್ಣು ಪತ್ರದಲ್ಲಿ ಮೊದಲು ಹುಡುಕುವುದು ತಂದೆತಾಯಿಯ ಆರೋಗ್ಯವನ್ನು. ಅದನ್ನು ಮೇಲೆಯೇ ಬರೆದುಬಿಡಿ. ‘ದೇವರ ದಯದಿಂದ ನಾವೆಲ್ಲರೂ ಕ್ಷೇಮ’ ಎಂದು ಆರಂಭಿಸುವ ನಮ್ಮ ಹಿರಿಯರ ಕ್ರಮ ಒಳ್ಳೆಯದೇ, ಆದರೆ ಆ ಸಾಲಿನ ಕೆಳಗೆ ತಂದೆಯವರ ರಕ್ತದೊತ್ತಡ ಎಷ್ಟಿತ್ತು, ವೈದ್ಯರು ಯಾವ ಮಾತ್ರೆಯನ್ನು ಬದಲಿಸಿದರು, ಮುಂದಿನ ಪರೀಕ್ಷೆ ಯಾವಾಗ ಎಂಬುದೂ ಇರಬೇಕು. ಮಕ್ಕಳಿಗೆ ಚಿಂತೆಯಾಗುತ್ತದೆಂದು ಕಾಯಿಲೆಯನ್ನು ಮುಚ್ಚಿಡುವ ತಾಯಂದಿರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಈಗ ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ ಪ್ರಾರ್ಥನೆಯ ಕೋರಿಕೆಯಿಂದ ತಂದೆ ಆಸ್ಪತ್ರೆಯಲ್ಲಿರುವ ಸಂಗತಿ ಮಗನಿಗೆ ತಿಳಿದರೆ, ಮುಂದೆ ನೀವು ಕ್ಷೇಮವೆಂದು ಬರೆದರೂ ಅವನು ನಂಬಲಾರ. ಮಳೆಗಾಲದಲ್ಲಿ ಜ್ವರ ಬಂದಾಗ ಇಲಿಜ್ವರವೋ ಡೆಂಗ್ಯೂವೋ ಎಂದು ರಕ್ತ ಪರೀಕ್ಷೆ ಮಾಡಿಸಿ, ವರದಿ ಬಂದ ದಿನವೇ ಕರೆ ಮಾಡಿ ತಿಳಿಸಿರಿ. ತುರ್ತಿನ ವಿಷಯವನ್ನೂ ಸಾವಿನ ಸುದ್ದಿಯನ್ನೂ ಪತ್ರಕ್ಕೆ ಇಟ್ಟುಕೊಳ್ಳಬಾರದು. ಅವನ್ನು ಬಾಯಿಯಿಂದಲೇ ಹೇಳಬೇಕು. ಮಗಳು ಕೆಲಸದ ಸ್ಥಳದಲ್ಲಿ ಒಬ್ಬಳೇ ಇರುವ ಹೊತ್ತನ್ನು ತಪ್ಪಿಸಿ, ಸಾಧ್ಯವಾದರೆ ಅಳಿಯನಿಗೆ ಮೊದಲು ತಿಳಿಸಬೇಕು. ಮಣ್ಣು ಮಾಡಿದ ವಿವರ, ಬಂದವರ ಹೆಸರು, ತಿಂಗಳ ಪೂಜೆಯ ದಿನಾಂಕಗಳನ್ನು ನಂತರ ಪತ್ರದಲ್ಲಿ ಸಾವಧಾನವಾಗಿ ಬರೆಯಬಹುದು. ಅಂತ್ಯಕ್ರಿಯೆಗೆ ಬರಲಾಗದ ಮಕ್ಕಳು ಆ ಪುಟವನ್ನು ಮತ್ತೆ ಮತ್ತೆ ಓದುತ್ತಾರೆ.

ಚರ್ಚಿನ ಸುದ್ದಿಯಲ್ಲಿ, ಮರಿಯಮ್ಮನವರ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಹಬ್ಬಕ್ಕೆ ಹೆಚ್ಚು ಜಾಗ ಕೊಡಿ. ಆಗಸ್ಟ್ 30ರಿಂದ ಒಂಬತ್ತು ದಿನದ ನೊವೆನಾ ಪ್ರಾರ್ಥನೆಯಲ್ಲಿ ಯಾರ ಮನೆಯ ಮಕ್ಕಳು ಯಾವ ಹೂ ತಂದರು, ಈ ವರ್ಷ ಗೊಂಡೆ ಎಷ್ಟು ಬಿಟ್ಟಿತು, ಸೆಪ್ಟೆಂಬರ್ 8ರಂದು ಮೆರವಣಿಗೆಗೆ ಮಳೆ ಬಿಡುವು ಕೊಟ್ಟಿತೇ, ಆಶೀರ್ವದಿಸಿದ ತೆನೆ ಯಾರ ಗದ್ದೆಯದ್ದು ಎಂಬುದನ್ನೆಲ್ಲ ಬರೆಯಿರಿ. ಗದ್ದೆಗಳು ಅಡಿಕೆ ತೋಟಗಳಾಗಿರುವ ಊರುಗಳಲ್ಲಿ ತೆನೆಯನ್ನು ಬೇರೆ ಊರಿನಿಂದ ತರಿಸುವ ಕಾಲವಿದು. ನಿಮ್ಮ ಊರಿನಲ್ಲಿ ಯಾರಾದರೂ ಇನ್ನೂ ಭತ್ತ ಬೆಳೆಯುತ್ತಿದ್ದರೆ ಅವರ ಹೆಸರನ್ನು ಗೌರವದಿಂದ ಬರೆಯಿರಿ. ಹೊಸ ಅಕ್ಕಿಯನ್ನು ಸುಲಿದು ಪುಡಿಮಾಡಿ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಯವರೆಲ್ಲ ಸೇರಿ ತಿಂದು, ಆ ಮೇಲೆ ಮೂರು, ಐದು, ಏಳು ಎಂದು ಬೆಸ ಸಂಖ್ಯೆಯ ಸಸ್ಯಾಹಾರದ ಪದಾರ್ಥಗಳಿಂದ ಊಟ ಮಾಡುವಾಗ, ದೂರವಿರುವವರ ಪಾಲಿನ ಕಾಳುಗಳನ್ನು ಕಾಗದದಲ್ಲಿ ಮಡಚಿ ಲಕೋಟೆಯಲ್ಲಿಟ್ಟು ಕಳುಹಿಸುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಕೊಲ್ಲಿಗೆ ಹೋಗುವವರ ಕೈಯಲ್ಲಿ ಕಳುಹಿಸುವುದಾದರೆ ಕಾಳನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಸುಲಿದು ಪುಡಿಮಾಡಿಯೇ ಕೊಡಿ. ಹಸಿ ತೆನೆ ಲಕೋಟೆಯಲ್ಲಿ ಬೂಸ್ಟು ಹಿಡಿಯುತ್ತದೆ. ಆಸ್ಟ್ರೇಲಿಯ, ಕೆನಡಾ, ಅಮೆರಿಕಗಳಲ್ಲಿ ಧಾನ್ಯ ಮತ್ತು ಬೀಜಗಳ ತಪಾಸಣೆ ಕಟ್ಟುನಿಟ್ಟಾದುದರಿಂದ ಅಲ್ಲಿಗೆ ಕಳುಹಿಸಲು ಹೋಗಬೇಡಿ. ಅಲ್ಲಿರುವ ಮಕ್ಕಳ ಪಾಲನ್ನು ಮನೆಯ ಪೀಠದ ಬಳಿ ಹೆಸರು ಬರೆದ ಪೊಟ್ಟಣದಲ್ಲಿ ಇಟ್ಟು, ಊರಿಗೆ ಬಂದಾಗ ಕೊಟ್ಟರಾಯಿತು. ಡಿಸೆಂಬರಿನ ಪತ್ರದ ಜೊತೆ ಕುಸ್ವಾರ್, ಎಂದರೆ ಕ್ರಿಸ್ಮಸ್ ತಿಂಡಿಗಳನ್ನು, ಕಳುಹಿಸುವವರಿಗೆ ಒಂದು ಮಾತು: ಕಿಡಿಯೊ, ತುಕ್ಡಿ, ಚಕ್ಕುಲಿ ದೂರದ ಪ್ರಯಾಣವನ್ನು ತಾಳುತ್ತವೆ, ಗುಲಾಬಿ ಹೂವಿನ ತಿಂಡಿ ಪುಡಿಯಾಗುತ್ತದೆ, ನೆವ್ರಿಯ ಹೂರಣಕ್ಕೆ ಹಸಿ ತೆಂಗಿನಕಾಯಿ ಬಿಟ್ಟು ಕೊಬ್ಬರಿ ಹಾಕಿದರೆ ಕಮಟು ವಾಸನೆ ಬೇಗ ಬಾರದು.

ಹಬ್ಬಗಳಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮನೆಯ ಪ್ರತಿಯೊಬ್ಬರ ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ದೃಢೀಕರಣ, ಮದುವೆಗಳ ದಿನಾಂಕ, ಚರ್ಚಿನ ಹೆಸರು, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ದೇವಪಿತೃ ದೇವಮಾತೆಯರ ಹೆಸರುಗಳನ್ನು ಅದೇ ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಬರೆದು, ಅದರ ಪ್ರತಿಯನ್ನು ಒಂದು ಪತ್ರದ ಜೊತೆ ಎಲ್ಲ ಮಕ್ಕಳಿಗೂ ಕಳುಹಿಸಿರಿ. ಟೊರಾಂಟೊದ ಚರ್ಚಿನಲ್ಲಿ ಮದುವೆಯಾಗುವ ಹುಡುಗನಿಗೂ ಅವನು ಜ್ಞಾನಸ್ನಾನ ಪಡೆದ ಇಲ್ಲಿಯ ಚರ್ಚಿನಿಂದ ಪತ್ರ ಬೇಕಾಗುತ್ತದೆ. ದೃಢೀಕರಣ, ಮದುವೆಗಳ ವಿವರವನ್ನು ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲೇ ಅವನ ಹೆಸರಿನ ಬಳಿ ಸೇರಿಸುತ್ತಾ ಹೋಗುವುದರಿಂದ, ಹಳೆಯ ಪ್ರಮಾಣಪತ್ರ ಕೈಯಲ್ಲಿದ್ದರೂ ಸಾಮಾನ್ಯವಾಗಿ ಆರು ತಿಂಗಳೊಳಗೆ ತೆಗೆದ ಹೊಸದನ್ನೇ ಕೇಳುತ್ತಾರೆ. ಹೆರಿಗೆಗೆ ತವರಿಗೆ ಹೋಗಿ ಅಲ್ಲಿಯೇ ಜ್ಞಾನಸ್ನಾನ ಮಾಡಿಸುವುದು ನಮ್ಮಲ್ಲಿ ಸಾಮಾನ್ಯವಾಗಿದ್ದುದರಿಂದ ಯಾವ ಮಗುವಿನ ದಾಖಲೆ ಯಾವ ಚರ್ಚಿನಲ್ಲಿದೆ ಎಂಬುದು ಹಲವು ಮನೆಗಳಲ್ಲಿ ತಾಯಿಗೆ ಮಾತ್ರ ಗೊತ್ತಿರುತ್ತದೆ. ಅದನ್ನು ಬಾಯಲ್ಲಿ ಇಟ್ಟುಕೊಳ್ಳದೆ ಕಾಗದಕ್ಕೆ ಇಳಿಸುವುದು ತಾಯಿಯ ಕರ್ತವ್ಯ.

ಪತ್ರದಲ್ಲಿ ಬರೆಯಬಾರದ ಕೆಲವು ಸಂಗತಿಗಳೂ ಇವೆ. ಹಣ ಬೇಕಿದ್ದರೆ ಅದನ್ನು ಬೇರೆಯಾಗಿ, ನೇರವಾಗಿ, ಕಾರಣಸಹಿತ ಕೇಳಿ. ಹಟ್ಟಿಯ ಶೀಟು ಸೋರುತ್ತಿದೆ ಎಂದು ಸುದ್ದಿಯ ನಡುವೆ ಸುಳಿವು ಕೊಟ್ಟರೆ ಮಕ್ಕಳಿಗೆ ಪತ್ರ ತೆರೆಯಲು ಅಳುಕು ಹುಟ್ಟುತ್ತದೆ. ಅಣ್ಣ ಕಳುಹಿಸಿದ್ದನ್ನು ತಮ್ಮನ ಪತ್ರದಲ್ಲಿ ಹೊಗಳಬೇಡಿ. ಸೊಸೆಯ ಬಗ್ಗೆ ಮಗನಿಗೆ ದೂರು ಬರೆಯುವುದಂತೂ ಬೇಡವೇ ಬೇಡ. ಪತ್ರವನ್ನು ಇಬ್ಬರ ಹೆಸರಿಗೂ ಬರೆಯಿರಿ. ಚರ್ಚಿನ ಪಾಲನಾ ಪರಿಷತ್ತಿನಲ್ಲಿ ನಡೆದ ಜಗಳ, ವಾರ್ಡಿನ ಮುಖ್ಯಸ್ಥರಾದ ಗುರಿಕಾರರ ಮೇಲಿನ ಆಕ್ಷೇಪ, ನೆರೆಮನೆಯ ಆಸ್ತಿ ವಿವಾದ ಇವು ದೂರದಲ್ಲಿರುವವರಿಗೆ ಪ್ರಯೋಜನವಿಲ್ಲದ ವಿಷಯಗಳು. ನಾಳೆ ಆ ಮನೆಯವರೇ ಅವರಿಗೆ ಅಲ್ಲಿ ಎದುರಾಗಬಹುದು.

ಓದಲು ಅವರಿಗೆ ಬಿಡುವಿರುವ ದಿನ ನೋಡಿ ಕಳುಹಿಸಿದರೆ ಉತ್ತರವೂ ಬರುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರಿಂದ ಶನಿವಾರ, ಭಾನುವಾರ ವಾರದ ರಜೆಯಾಗಿದೆ. ಕುವೈತಿನಲ್ಲಿ ಶುಕ್ರವಾರ, ಶನಿವಾರವೇ ರಜೆ, ನಮ್ಮ ಭಾನುವಾರ ಅವರಿಗೆ ಕೆಲಸದ ದಿನ. ಕುವೈತಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿರುವುದನ್ನೂ ನೆನಪಿಡಿ. ಮಕ್ಕಳ ಪೂರ್ಣ ವಿಳಾಸ, ಕಂಪನಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಅಲ್ಲಿರುವ ಒಬ್ಬ ಸ್ನೇಹಿತನ ಫೋನ್ ಸಂಖ್ಯೆಗಳನ್ನು ಮನೆಯ ಪುಸ್ತಕದಲ್ಲಿ ಬರೆದಿಡಿ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ದಿನಗಟ್ಟಲೆ ಸುದ್ದಿಯೇ ಇರಲಿಲ್ಲ. ಅಮ್ಮಾನಿನ ಮೂಲಕ ಒಂದು ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ವಿಮಾನದಲ್ಲಿ ಕರೆತರುತ್ತಿದ್ದ ಆ ದಿನಗಳಲ್ಲಿ ಇಂಥ ವಿವರಗಳನ್ನು ಬರೆದಿಟ್ಟವರಿಗೆ ವಿಚಾರಿಸಲು ಒಂದು ಆಧಾರವಾದರೂ ಇತ್ತು.

ಮಕ್ಕಳಿಂದ ಬಂದ ಪತ್ರಗಳನ್ನು ನಮ್ಮ ಮಳೆಗಾಲದ ತೇವದಿಂದ ಉಳಿಸುವುದು ಸುಲಭವಲ್ಲ. ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೆ ಅಂಟುತ್ತದೆ, ಗುಂಡುಸೂಜಿ ತುಕ್ಕು ಹಿಡಿದು ಕಲೆ ಮಾಡುತ್ತದೆ. ವರ್ಷದ ಪತ್ರಗಳನ್ನು ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ, ಒಣಗಿದ ಬೇವಿನ ಎಲೆಯ ಬಟ್ಟೆಗಂಟಿನ ಜೊತೆ ಟ್ರಂಕಿನಲ್ಲಿಟ್ಟು, ಮಳೆ ಪೂರ್ತಿ ನಿಂತ ಮೇಲೆ ಡಿಸೆಂಬರಿನಲ್ಲಿ ಒಂದು ದಿನ ನೆರಳಿನ ಗಾಳಿಗೆ ಹರಡಿರಿ. ಫೋಟೊಗಳ ಹಿಂದೆ ಹೆಸರು, ದಿನಾಂಕಗಳನ್ನು ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ.

ಹೊರದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಕನ್ನಡದ ಅಕ್ಷರ ಬಾರದಿದ್ದರೆ, ಬರೆದ ಪತ್ರವನ್ನೇ ನಿಧಾನವಾಗಿ ಓದಿ ಧ್ವನಿ ಸಂದೇಶವಾಗಿ ಕಳುಹಿಸಬಹುದು. 1980ರ ದಶಕದಲ್ಲಿ ನಾವು ಕ್ಯಾಸೆಟ್ಟಿನಲ್ಲಿ ಮನೆಯವರ ಮಾತು ತುಂಬಿಸಿ ಕೊಲ್ಲಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದೆವು, ಅದಕ್ಕಿಂತ ಇದು ಎಷ್ಟೋ ಸುಲಭ. ಸಂಜೆಯ ತೇರ್ಸ್, ಎಂದರೆ ಜಪಸರ ಪ್ರಾರ್ಥನೆ, ಮುಗಿದ ನಂತರದ ಹೊತ್ತು ಇದಕ್ಕೆ ಅನುಕೂಲ. ಟಿವಿ ಆರಿಸಿ, ಜನರ ಹೆಸರುಗಳನ್ನು ಬಿಡಿಸಿ ಹೇಳಿ, ಐದು ನಿಮಿಷ ಮೀರದಂತೆ ಮುಗಿಸಿ. ಹಟ್ಟಿಯಲ್ಲಿ ಹೊಸ ಕರು ಹುಟ್ಟಿದ್ದರೆ ಅದರ ಫೋಟೊವನ್ನೂ ಸೇರಿಸಿ, ಹೆಸರಿಡುವ ಕೆಲಸವನ್ನು ಆ ಮಕ್ಕಳಿಗೇ ವಹಿಸಿಕೊಡಿ. ಅವರು ಹೇಳಿದ ಹೆಸರನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ತಿಂಗಳ ಪತ್ರದಲ್ಲಿ ಕರುವಿನ ಸುದ್ದಿಯನ್ನು ಆ ಹೆಸರಿನಿಂದಲೇ ಹೇಳಿರಿ.