ಆಪ್ಟಿಕಲ್ ಫೈಬರ್ (ಬೆಳಕು ಸಾಗುವ ಗಾಜಿನ ಎಳೆ) ಮೇಲೆ ಗ್ರಾಫೀನ್ ಆಕ್ಸೈಡ್ ಬಳಿದು ತೇವಾಂಶ ಸೆನ್ಸರ್ ಮಾಡುವುದು ಹೇಗೆ?

ಫೈಬರ್‌ಗೆ ಸುಮ್ನೆ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಬಳಿದರೆ ಸೆನ್ಸರ್ ಆಗುವುದಿಲ್ಲ. ಸಿಂಗಲ್ ಮೋಡ್ (ಬೆಳಕು ಒಂದೇ ರೀತಿಯಲ್ಲಿ ಸಾಗುವ) ಫೈಬರ್‌ನಲ್ಲಿ ಬೆಳಕು ನಡುವಿನ ಸುಮಾರು 9 ಮೈಕ್ರಾನ್ ಅಗಲದ ಕೋರ್‌ನಲ್ಲೇ ಓಡುತ್ತದೆ, ಸುತ್ತ ದಪ್ಪ ಗಾಜು, ಹೊರಗೆ ಏನು ಬಳಿದರೂ ಅದಕ್ಕೆ ಗೊತ್ತಾಗುವುದೇ ಇಲ್ಲ. ಮೊದಲು ಬೆಳಕಿನ ಅಂಚು ಹೊರಗೆ ಇಣುಕಬೇಕು. ಅದಕ್ಕೆ ಫೈಬರನ್ನು ಬಿಸಿ ಮಾಡಿ ಎಳೆದು ತೆಳ್ಳಗೆ ಮಾಡಬಹುದು, ಇಲ್ಲವೇ ಒಂದು ಬದಿಯ ಗಾಜನ್ನು ಉಜ್ಜಿ ತೆಗೆಯಬಹುದು. ಹೊಸಬರಿಗೆ ಉಜ್ಜಿದ್ದೇ ವಾಸಿ. ಎಳೆದದ್ದು ಉಸಿರು ತಾಗಿದರೂ ಮುರಿಯುತ್ತದೆ!

ತೇವಾಂಶಕ್ಕೆ ಗ್ರಾಫೀನ್ ಆಕ್ಸೈಡ್, ಅಂದರೆ ಆಮ್ಲಜನಕ ಸೇರಿದ ಗ್ರಾಫೀನ್ ತಗೊಳ್ಳಿ. ಅದರ ಆಮ್ಲಜನಕದ ಗುಂಪುಗಳು ನೀರನ್ನು ಹಿಡಿದುಕೊಳ್ಳುತ್ತವೆ, ಶುದ್ಧ ಗ್ರಾಫೀನ್ ಅಷ್ಟು ಹಿಡಿಯುವುದಿಲ್ಲ. ಹಿಡಿದ ನೀರಿಗೆ ತಕ್ಕಂತೆ ಫೈಬರ್ ದಾಟುವ ಬೆಳಕು ಬದಲಾಗುತ್ತದೆ, ನಾವು ಅಳೆಯುವುದು ಅದನ್ನೇ. ನೀರಿನಲ್ಲಿ ತೆಳ್ಳಗೆ ಕಲಸಿ, ಶಬ್ದದ ಕಂಪನದಿಂದ ಅಲುಗಿಸುವ ಅಲ್ಟ್ರಾಸಾನಿಕ್ ಬಾತ್‌ನಲ್ಲಿಟ್ಟು ಗಂಟುಗಳನ್ನು ಬಿಡಿಸಿ, ಉಜ್ಜಿದ ಜಾಗಕ್ಕೆ ಒಂದು ಹನಿ ಬಿಡಿ.

ಎಡವಟ್ಟಾಗುವುದು ಒಣಗುವಾಗ. ಹನಿಯ ಅಂಚಿನಲ್ಲಿ ಕಂದು ಉಂಗುರ ಕಟ್ಟಿ ನಡುವೆ ಬಯಲಾಗಿದ್ದರೆ ಪದರ ಕೆಟ್ಟಿದೆ ಅಂತಲೇ ಅರ್ಥ. ದಪ್ಪ ಹನಿ ಒಂದಕ್ಕಿಂತ ತೆಳು ಹನಿ ಮೂರು ನಾಲ್ಕು ಸಲ ಹಾಕಿ, ಪ್ರತಿ ಸಲ ನಿಧಾನವಾಗಿ ಒಣಗಿಸಿ. ಫೈಬರ್ ಒಂದು ತುದಿಯಿಂದ ಲೇಸರ್ ಬಿಟ್ಟು, ಇನ್ನೊಂದು ತುದಿಯಲ್ಲಿ ಬರುವ ಬೆಳಕನ್ನು ಅಳೆಯುವ ಪವರ್ ಮೀಟರ್ ನೋಡುತ್ತಲೇ ಇರಿ. ಪದರ ಜಾಸ್ತಿಯಾದರೆ ಬೆಳಕನ್ನೆಲ್ಲ ಅದೇ ನುಂಗಿಬಿಡುತ್ತದೆ, ಅಳೆಯಲು ಏನು ಉಳಿಯುತ್ತದೆ ಅಲ್ವಾ? 1550 ನ್ಯಾನೋಮೀಟರ್ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾಗಂತ ಫೈಬರ್ ತುದಿಯಲ್ಲಿ ಇಣುಕಬೇಡಿ.

ಪರೀಕ್ಷೆಗೆ ಮುಚ್ಚಿದ ಡಬ್ಬಿ, ಒಳಗೆ ನೀರಿನಲ್ಲಿ ಕರಗದೆ ಉಳಿಯುವಷ್ಟು ಅಡುಗೆ ಉಪ್ಪು. 25 ಡಿಗ್ರಿಯಲ್ಲಿ ಗಾಳಿಯ ತೇವಾಂಶ ಸುಮಾರು ಶೇ. 75ಕ್ಕೆ ನಿಲ್ಲುತ್ತದೆ. ಅಡುಗೆ ಉಪ್ಪಿನ ಬದಲು ಮೆಗ್ನೀಸಿಯಂ ಕ್ಲೋರೈಡ್ ಆದರೆ ಶೇ. 33. ಎರಡರ ನಡುವೆ ನಾಲ್ಕೈದು ಸಲ ಬದಲಿಸಿ, ರೀಡಿಂಗ್ ಅದೇ ಜಾಗಕ್ಕೆ ವಾಪಸ್ ಬರದಿದ್ದರೆ ಪದರ ಕಿತ್ತುಬರುತ್ತಿದೆಯಾ ನೋಡಿ.