ಎಸಿ ಇದ್ದೂ ಕೋಣೆ ತೇವವೇ? ಕರಾವಳಿ ಮನೆಗೆ ಯಾವ ಯಂತ್ರ, ಹೇಗೆ ಕೂರಿಸುವುದು

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಗಳಲ್ಲಿ ಎಸಿ ಸೆಖೆಯನ್ನೇನೋ ಓಡಿಸುತ್ತದೆ. ಆದರೂ ಹಾಸಿಗೆ ಜಿಗಿಜಿಗಿ, ಕಪಾಟಿನ ಹಿಂದೆ ಬೂಷ್ಟು, ಸೀರೆಗಳಿಗೆ ಮುಗ್ಗುಲು ವಾಸನೆ. ಹೆಚ್ಚಿನ ಕಡೆ ಯಂತ್ರ ಕೆಟ್ಟಿರುವುದಿಲ್ಲ. ಕೋಣೆಗೆ ಮೀರಿದ ಟನ್ನು, ತೀರಾ ಕೆಳಗಿಳಿಸಿದ ಸೆಟ್ಟಿಂಗು, ಅರೆಬರೆ ಸುತ್ತಿದ ಪೈಪು, ಇವೇ ಕಾರಣ.

ಎಷ್ಟು ಟನ್?

ಎಸಿಯೊಳಗಿನ ತಣ್ಣಗಾದ ಕಾಯಿಲ್ (ಕೊಳವೆಯ ಸುರುಳಿ) ಮೇಲೆ ಗಾಳಿ ಹಾಯುತ್ತಲೇ ಇದ್ದರೆ ಮಾತ್ರ ತೇವ ಹನಿಗಟ್ಟಿ ಟ್ರೇಗೆ ಇಳಿಯುತ್ತದೆ. ಅದಕ್ಕೆ ಹೊತ್ತು ಬೇಕು. 120 ಚದರಡಿ ಕೋಣೆಗೆ 2 ಟನ್ ಕೂರಿಸಿದರೆ ಕೋಣೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ, ಕಾಯಿಲ್‌ಗೆ ಅಂಟಿದ ನೀರು ಫ್ಯಾನ್ ಗಾಳಿಗೆ ಆವಿಯಾಗಿ ಕೋಣೆಗೇ ವಾಪಸು. ಆ ಅಳತೆಗೆ 1 ಟನ್, 150ರಿಂದ 180 ಚದರಡಿಗೆ 1.5 ಟನ್ ಸಾಕು. ಸ್ಲ್ಯಾಬಿಗೆ ನೇರ ಬಿಸಿಲು ಬೀಳುವ ಮೇಲಂತಸ್ತಿಗೆ ಮಾತ್ರ ಒಂದು ಮೆಟ್ಟಿಲು ಹೆಚ್ಚಿಸಿ. ‘ಇರಲಿ ಬಿಡಿ, ದೊಡ್ಡದೇ ಹಾಕಿಸಿ’ ಎಂಬ ಅಂಗಡಿಯವರ ಮಾತು ನಮ್ಮ ಹವೆಗೆ ಹೊಂದುವುದಿಲ್ಲ. ಇನ್ವರ್ಟರ್ ಮಾದರಿಯನ್ನೇ ಕೊಳ್ಳಿ. ಅದು ನಿಲ್ಲುವ ಬದಲು ನಿಧಾನವಾಗಿ ಓಡುತ್ತಿರುತ್ತದೆ.

ಹಂಚಿನ ಮನೆಯಾದರೆ ಮೊದಲು ಕೆಳಗೊಂದು ಸೀಲಿಂಗ್ ಹೊಡೆಸಿ ಸಂದಿ ಮುಚ್ಚಿಸಿ. ಇಲ್ಲವಾದರೆ ಊರಿನ ತೇವವನ್ನೆಲ್ಲ ಎಸಿಯೇ ಹಿಂಡಬೇಕಾಗುತ್ತದೆ.

ಕೂರಿಸುವ ದಿನ ಪಕ್ಕದಲ್ಲೇ ನಿಲ್ಲಿ

ಗೋಡೆಯ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಲಿ, ಕೊನೆಗೆ ಪುಟ್ಟಿ ಮೆತ್ತಿಸಿ. ಪಡುವಣ ಮಳೆ ಸಣ್ಣ ಸಂದಿಯನ್ನೂ ಬಿಡುವುದಿಲ್ಲ. ಡ್ರೈನ್ ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು ಬೇಕು, ನಡುವೆ ಎಲ್ಲೂ ಜೋತುಬೀಳಬಾರದು. ಪೈಪಿನ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟರೆ ಗಾಳಿ ಸಿಕ್ಕಿಕೊಂಡು ನೀರು ಟ್ರೇಯಲ್ಲೇ ನಿಲ್ಲುತ್ತದೆ. ತುದಿಗೊಂದು ಜಾಲರಿ ಕಟ್ಟಿ, ಕಣಜಗಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ.

ಹೆಚ್ಚು ಎಡವಟ್ಟಾಗುವುದು ತಾಮ್ರದ ಪೈಪುಗಳಲ್ಲಿ. ಸ್ಪ್ಲಿಟ್ ಎಸಿಯಲ್ಲಿ ದಪ್ಪ ಪೈಪಷ್ಟೇ ಅಲ್ಲ, ಸಣ್ಣದೂ ತಣ್ಣಗಿರುತ್ತದೆ. ಎರಡಕ್ಕೂ ಬೇರೆಬೇರೆಯಾಗಿ ನೈಟ್ರೈಲ್ ರಬ್ಬರ್ ಹೊದಿಕೆ ಬೇಕು, 13 ಮಿ.ಮೀ.ಗೆ ಕಡಿಮೆ ಬೇಡ, ಕಡಲ ಹತ್ತಿರ 19 ಮಿ.ಮೀ. ಒಳ್ಳೆಯದು. ಒಳಯೂನಿಟ್ಟಿನ ಹಿಂದೆ, ನಟ್ಟು ಬಿಗಿಯುವ ಜಾಗದಲ್ಲಿ ಮೂರ್ನಾಲ್ಕು ಇಂಚು ಬರಿಮೈ ಬಿಡುವುದು ಮೆಕ್ಯಾನಿಕ್‌ಗಳ ಅಭ್ಯಾಸ. ಅಲ್ಲಿಂದಲೇ ಹನಿ ಜಾರಿ ಚಿರೆಕಲ್ಲಿನ ಗೋಡೆಗೆ ಇಳಿಯುತ್ತದೆ. ಯೂನಿಟ್ಟಿನ ಕೆಳಗೆ ಹಳದಿ ಕಲೆ ಮೂಡಿದರೆ ಮೊದಲು ನೋಡಬೇಕಾದ ಜಾಗ ಅದು.

ಹೊರಯೂನಿಟ್ ಕಡಲಿಗೆ ಮುಖ ಮಾಡದಿರಲಿ, ಪೂರ್ವ ಅಥವಾ ಉತ್ತರದ ಗೋಡೆ ಹುಡುಕಿ. ಲೇಪನವಿರುವ ತಾಮ್ರದ ಕಾಯಿಲ್, ಕಲಾಯಿ ಹಾಕಿದ ಸ್ಟ್ಯಾಂಡ್, ಸ್ಟೇನ್‌ಲೆಸ್ ಬೋಲ್ಟು ಕೇಳಿ ಪಡೆಯಿರಿ.

ಎಷ್ಟಕ್ಕೆ ಇಡುವುದು?

ಹೊರಗೆ 30 ಡಿಗ್ರಿ, ಆರ್ದ್ರತೆ ಶೇ 80 ಇದ್ದಾಗ ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಆ ಗಾಳಿಯಲ್ಲಿನ ತೇವ ನೀರಾಗುತ್ತದೆ. 20ಕ್ಕೆ ಇಟ್ಟವರ ಮನೆಯಲ್ಲಿ ಕಿಟಕಿ ಗಾಜು ಹೊರಗಿನಿಂದ ಬೆವರುವುದು, ಪಕ್ಕದ ಕೋಣೆಯ ಗೋಡೆ ಒದ್ದೆಯಾಗುವುದು ಇದರಿಂದಲೇ. 2020ರ ಜನವರಿಯಿಂದ ಹೊಸ ಎಸಿಗಳು 24ಕ್ಕೇ ಆರಂಭವಾಗುತ್ತವೆ. ಇಲ್ಲಿ 25–26, ಫ್ಯಾನ್ ನಿಧಾನ. ಕಪಾಟು ಗೋಡೆಯಿಂದ ನಾಲ್ಕು ಇಂಚು ಈಚೆಗಿರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಥೆಯೇ ಬೇರೆ. ಹೊರಗೇ ತಂಪಿದ್ದಾಗ ಕೂಲ್ ಮೋಡ್‌ಗೆ ಕೆಲಸವಿರುವುದಿಲ್ಲ, ತೇವ ಮಾತ್ರ ಹಾಗೇ ಉಳಿಯುತ್ತದೆ. ಡ್ರೈ ಮೋಡ್ ಹಾಕಿ. ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತಂದಿಟ್ಟು ನೋಡುತ್ತಿರಿ, ಕೋಣೆಯ ಆರ್ದ್ರತೆ ಶೇ 50–60 ಇರಬೇಕು. 65ರ ಕೆಳಗೆ ಇಳಿಯದಿದ್ದರೆ ಗಾಳಿಯ ತೇವ ಹಿಂಡುವ ಡಿಹ್ಯುಮಿಡಿಫೈಯರ್ ಯಂತ್ರ ಬೇಕು. ಶಿರಸಿಯಂಥ ಘಟ್ಟದ ಮೇಲಿನ ಊರಿಗೆ ಮಳೆಗಾಲದಲ್ಲಿ ಎಸಿಗಿಂತ ಇದೇ ಸರಿ, ಕೋಣೆಯೂ ತುಸು ಬೆಚ್ಚಗಾಗುತ್ತದೆ. ಒದ್ದೆ ಬಟ್ಟೆಯನ್ನು ಅದೇ ಕೋಣೆಯಲ್ಲಿ ಒಣಹಾಕಿದರೆ ಮಾತ್ರ ಯಾವ ಯಂತ್ರವೂ ಗೆಲ್ಲುವುದಿಲ್ಲ.

ನಿಗಾ

ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ತಿಂಗಳಿಗೊಮ್ಮೆ, ಎಸಿಗೆ ವಿದ್ಯುತ್ ಕೊಡುವ ಎಂಸಿಬಿ ಸ್ವಿಚ್ ಆಫ್ ಮಾಡಿ, ಫಿಲ್ಟರ್ ತೆಗೆದು ಟ್ರೇಗೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರು ನಿಧಾನವಾಗಿ ಬಿಡಿ. ಹೊರಗೆ ಧಾರೆಯಾಗಿ ಬಂದರೆ ಸರಿ, ತೊಟ್ಟಿಕ್ಕಿದರೆ ಲೋಳೆ ಕಟ್ಟಿದೆ ಎಂದರ್ಥ. ಡ್ರೈನ್ ಪೈಪಿನ ಹೊರತುದಿಗೆ ವೆಟ್ ವ್ಯಾಕ್ಯೂಮ್ (ನೀರನ್ನೂ ಹೀರುವ ವ್ಯಾಕ್ಯೂಮ್ ಕ್ಲೀನರ್) ಹಿಡಿದು ಎಳೆಸಿ. ಬ್ಲೀಚಿಂಗ್ ದ್ರಾವಣ ಹಾಕಬೇಡಿ, ಅಲ್ಯೂಮಿನಿಯಂ ರೆಕ್ಕೆಗಳು ತಿಂದುಹೋಗುತ್ತವೆ. ಎಸಿ ಆರಿಸುವ ಮೊದಲು ಬಾಗಿಲು ತೆರೆದು ಕಾಲು ಗಂಟೆ ಬರೀ ಫ್ಯಾನ್ ಓಡಿಸಿದರೆ ಕಾಯಿಲ್ ಒಣಗಿ ಬೂಷ್ಟು ಹತ್ತುವುದಿಲ್ಲ. ಮಳೆ ನಿಂತ ಮೇಲೆ ಹೊರಯೂನಿಟ್‌ಗೆ ಹದಿನೈದು ದಿನಕ್ಕೊಮ್ಮೆ ಸಿಹಿನೀರಿನ ಸ್ನಾನ. ಪ್ರೆಷರ್ ವಾಷರ್ ಮಾತ್ರ ಬೇಡ.

ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ಫಿಲ್ಟರ್ ಕೊಳೆಯಾಗಿರಬಹುದು, ಇಲ್ಲವೇ ಗ್ಯಾಸ್ ಕಡಿಮೆಯಾಗಿರಬಹುದು. ಗ್ಯಾಸ್ ಬಳಸಿ ಖಾಲಿಯಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕಿ ಮುಚ್ಚಿದ ಮೇಲೆಯೇ, ಹೊರಯೂನಿಟ್‌ನ ಫಲಕದಲ್ಲಿ ಬರೆದಿರುವಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಿಸಲು ಹೇಳಿ.